ಹುಡುಗನನ್ನು ಕೇಳಿಕೊಂಡು

ಎಮರಿವಿಲ್
14 ಜುಲೈ 2024

ಪ್ರೀತಿಯ ಅಪ್ಪ,

ಫೋನ್ ಇಡುವ ಮುಂಚೆ ನೀವು ಹೇಳಿದ ಕೊನೆಯ ಮಾತು, "ಏನಿದ್ದರೂ ಬರೆದು ತಿಳಿಸು." ಬರೆಯುತ್ತಿದ್ದೇನೆ! ಇಷ್ಟುದ್ದ ಕನ್ನಡವನ್ನು ಕೈಯಲ್ಲಿ ಬರೆದು ಯಾವ ಕಾಲವಾಯಿತೋ. ಕನ್ನಡ ಮೇಷ್ಟ್ರಾಗಿ ಮಗಳನ್ನು ಕಾನ್ವೆಂಟಿಗೆ ಹಾಕಿದವರು ನೀವು, ಆದ್ದರಿಂದ ತಪ್ಪುಗಳಲ್ಲಿ ಅರ್ಧ ಪಾಲು ನಿಮ್ಮದು.

ಅಪ್ಪ, ನನಗೆ ಆಗಿರುವ ಖುಷಿಗೆ ಒಂದು ಕಡೆ ಕೂರಲಾಗುತ್ತಿಲ್ಲ. ಈ ಪತ್ರ ಶುರು ಮಾಡಿದ ಮೇಲೆ ಆಗಲೇ ಎರಡು ಸಲ ಎದ್ದು ಬಾಲ್ಕನಿಗೆ ಹೋಗಿ ಬಂದೆ. ಮದುವೆ ರಿಜಿಸ್ಟರ್ ಆದ ದಿನ ಸಿಟಿ ಹಾಲಿನ ಮೆಟ್ಟಿಲ ಮೇಲೆ ನಾನು ಅಮ್ಮನ ಹಸಿರು ಸೀರೆ ಉಟ್ಟಿದ್ದೆ. ಬರ್ನಾತ್ ತನ್ನ ಅಜ್ಜನ ಕೋಟು ಹಾಕಿದ್ದ, ತೋಳು ಚಿಕ್ಕದಾಗಿ ಮಣಿಕಟ್ಟು ಕಾಣುತ್ತಿತ್ತು. ಅಷ್ಟು ಚೆಂದದ ಮಣಿಕಟ್ಟನ್ನು ನಾನು ಎಲ್ಲೂ ನೋಡಿಲ್ಲ. (ಇದನ್ನು ಅಪ್ಪನಿಗೆ ಬರೆಯಬಾರದೇನೋ.)

ನೀವು ಫೋನಿನಲ್ಲಿ "ಯಾವ ಜನ?" ಎಂದು ಕೇಳಿದಿರಿ. ನಾನು "ಅಮೆರಿಕನ್" ಎಂದೆ. ಅದು ಪೂರ್ತಿ ಉತ್ತರವಲ್ಲ. ಅವರು ಗ್ಯಾಸ್ಕನ್ ಜನ. ಫ್ರಾನ್ಸಿನ ನೈರುತ್ಯ ಮೂಲೆಯಲ್ಲಿ, ಪಿರನೀಸ್ ಬೆಟ್ಟದ ಬುಡದಲ್ಲಿ ಅವರ ಊರು. ಫ್ರೆಂಚರಲ್ಲ ಎಂದು ಅವರು, ಫ್ರೆಂಚರೇ ಎಂದು ಫ್ರೆಂಚರು. ಭಾಷೆ ಬೇರೆ. ಅಲ್ಲಿಂದ ಬಂದ ಎಷ್ಟೋ ಜನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಾಂಡ್ರಿ ಇಟ್ಟಿದ್ದರಂತೆ. ಬರ್ನಾತನ ಅಜ್ಜಿ ಮದುವೆಯಾಗಿ ಬಂದದ್ದೂ ಅಂಥ ಒಂದು ಲಾಂಡ್ರಿಗೆ. ತಂದೆ ತಾಯಿ ಇಲ್ಲದ ಅವನನ್ನೂ ಅವನ ಅಕ್ಕನನ್ನೂ ಸಾಕಿದವಳು ಅವಳೇ. ಅಂಗಿಯ ಕಾಲರನ್ನು ಇಸ್ತ್ರಿ ಮಾಡುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲ ಎನ್ನುತ್ತಾಳೆ. ಬರ್ನಾತ್ ಓಕ್‌ಲ್ಯಾಂಡಿನ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾನೆ. ಮೇಷ್ಟ್ರು ಅಪ್ಪ, ನಿಮ್ಮ ಹಾಗೆ!

ನವೆಂಬರ್ ಕೊನೆಯಲ್ಲಿ ಒಂದು ಸಣ್ಣ ಊಟ ಇಟ್ಟುಕೊಂಡಿದ್ದೇವೆ. ನಿಮಗೆ ಬರಲಾಗುವುದಿಲ್ಲ ಎಂದು ಗೊತ್ತು. ಅದರೊಳಗೆ ಒಂದು ಸಲ "ಆಗಲಿ" ಎಂದುಬಿಡಿ. ನೀವು ಹಾಗೆ ಅನ್ನದೆ ನನಗೆ ಮದುವೆಯಾದಂತೆಯೇ ಅನ್ನಿಸುತ್ತಿಲ್ಲ.

ನಿಮ್ಮ
ಶರಣ್ಯಾ


ಮೈಸೂರು
3 ಆಗಸ್ಟ್ 2024

ಶರಣ್ಯಾ,

ನಿನ್ನ ಕಾಗದವನ್ನು ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ಕೆಂಪು ಶಾಯಿಯಲ್ಲಿರುವುದನ್ನು ನೋಡಿಕೊ. ಮಹಾಪ್ರಾಣದ ಮೇಲೆ ನಿನಗೆ ಯಾವ ಸಿಟ್ಟೋ ತಿಳಿಯದು.

ಇಂಗ್ಲಿಷ್ ನಿಘಂಟು ತೆಗೆದು ನೋಡಿದೆ. ಗ್ಯಾಸ್ಕನ್ ಎಂದರೆ ಒಂದು, ಆ ಸೀಮೆಯವನು. ಎರಡು, ಬಡಾಯಿಕೋರ. ಎರಡನೆಯ ಅರ್ಥವನ್ನು ನೀನು ಬರೆದಿಲ್ಲ.

ನಿಮ್ಮ ಮದುವೆಗೆ ನಾನು ಅಡ್ಡ ಬರುತ್ತಿದ್ದೆನೆಂದು ನೀನು ಅಂದುಕೊಂಡಿದ್ದೀಯ. ಅದು ಹಾಗಲ್ಲ. ಹುಡುಗನ ಕಡೆಯಿಂದ ಒಬ್ಬರೂ ಬಂದು ನನ್ನನ್ನು ಕೇಳಲಿಲ್ಲ. ಬರಲಾಗದಿದ್ದರೆ ಒಂದು ಸಾಲು ಬರೆಯಲಿಲ್ಲ. ಮನೆಯಿಂದ ಒಂದು ಹಸು ಹೊಡೆದುಕೊಂಡು ಹೋಗುವವನೂ ಜಗಲಿಯ ಮೇಲೆ ಕುಳಿತು ಎರಡು ಮಾತಾಡಿ ಹೋಗುತ್ತಾನೆ. ಅವರು ಕೇಳಲಿ, ಆಮೇಲೆ ನಾನು ಹೇಳುವುದನ್ನು ಹೇಳುತ್ತೇನೆ.

ನಿನ್ನ ಅಮ್ಮ ಹಿತ್ತಲಿಗೆ ಹೋಗಿ ನಿನಗೆ ಫೋನ್ ಮಾಡುವುದು ನನಗೆ ಗೊತ್ತಿದೆ ಎಂದು ಅವಳಿಗೆ ತಿಳಿಸು.

ಅಪ್ಪ


ಎಮರಿವಿಲ್
20 ಆಗಸ್ಟ್ 2024

ಅಪ್ಪ, ಅಪ್ಪ, ಅಪ್ಪ,

ಕೇಳುವುದೇ ತಾನೆ? ಇಷ್ಟೇನಾ? ನಾನು ಅಜ್ಜಿಯಿಂದ ಕೇಳಿಸುತ್ತೇನೆ! ನೀವು ಉತ್ತರ ಬರೆದಿರಿ ಎನ್ನುವ ಖುಷಿಯಲ್ಲಿ ಕೆಂಪು ಶಾಯಿಗೂ ಮುತ್ತು ಕೊಟ್ಟೆ.

ಬಡಾಯಿಯ ವಿಷಯವನ್ನು ಅಜ್ಜಿಯ ಹತ್ತಿರವೇ ಎತ್ತಿದೆ. ಅವಳು ನಕ್ಕು, "ನಿಮ್ಮಪ್ಪ ಓದಿದ್ದು ಸರಿ. ನಮ್ಮ ಕಡೆ ಮನೆ, ಹೊಲ ಎಲ್ಲ ಮೊದಲು ಹುಟ್ಟಿದವರಿಗೆ. ಕಿರಿಯ ಮಕ್ಕಳು ಸಿಪಾಯಿಗಳಾಗಿ ಪ್ಯಾರಿಸ್ಸಿಗೆ ಹೋಗುತ್ತಿದ್ದರು. ಖಾಲಿ ಕೈಯವನು ಮಾತಲ್ಲದೆ ಬೇರೇನು ಹೊತ್ತುಕೊಂಡು ಹೋಗಬೇಕಿತ್ತು?" ಎಂದಳು. ಆ ಕಿರಿಯ ಮಗನಿಗೆ ಅವರ ಭಾಷೆಯಲ್ಲಿ ಕ್ಯಾಪ್ದೆತ್ ಎನ್ನುತ್ತಾರಂತೆ. ಅದೇ ಫ್ರೆಂಚರ ಬಾಯಲ್ಲಿ ಕ್ಯಾಡೆಟ್. ಇಪ್ಪತ್ತು ವರ್ಷ ಎನ್‌ಸಿಸಿ ಹುಡುಗರನ್ನು ಮೈದಾನದಲ್ಲಿ ಓಡಿಸಿದಿರಲ್ಲ, ಅವರಷ್ಟೂ ಜನ ಗ್ಯಾಸ್ಕನ್ ಹೆಸರು ಹೊತ್ತವರು!

ಇನ್ನೊಂದು ಇದೆ, ನೀವು ಕುರ್ಚಿಯಿಂದ ಎದ್ದೇಳುತ್ತೀರಿ. ಹಿಟ್ಟಿಗೆ ಫ್ರೆಂಚಿನಲ್ಲಿ ಫರೀನ್. ಇವರಲ್ಲಿ ಹರಿಯ. ಮಗನಿಗೆ ಅಲ್ಲಿ ಫೀಸ್, ಇಲ್ಲಿ ಹಿಲ್. ಹಳೆಯ ಫಕಾರವೆಲ್ಲ ಇವರ ಬಾಯಲ್ಲಿ ಹಕಾರ. ನಮ್ಮಲ್ಲಿ ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು ಎಂದು ನೀವು ತಿಂಡಿಗೆ ಕೂತಾಗಲೆಲ್ಲ ಹೇಳುತ್ತಿದ್ದಿರಲ್ಲ!

ಚಿಕ್ಕವಳಿದ್ದಾಗ ಶಾಲೆಯಲ್ಲಿ ಈ ಭಾಷೆ ಆಡಿದರೆ ಅಜ್ಜಿಯ ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದರಂತೆ. ನಮ್ಮ ಸಿಸ್ಟರ್ ಕಾರಿಡಾರಿನಲ್ಲಿ ಕನ್ನಡಕ್ಕೆ ದಂಡ ಹಾಕುತ್ತಿದ್ದುದನ್ನು ಹೇಳಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವಳು ನನ್ನನ್ನು ಕರೆಯುವುದು "ದೌನ" ಎಂದು. ಮನೆಯೊಡತಿ ಎಂದರ್ಥ. ನಾನು ಅವರ ಮನೆಯ ಒಡತಿ!

ಮುಂದಿನ ವಾರ ಕೇಳಿಸುತ್ತೇನೆ. ನೋಡುತ್ತಿರಿ.

ನಿಮ್ಮ
ಶರಣ್ಯಾ


ಮೈಸೂರು
5 ಸೆಪ್ಟೆಂಬರ್ 2024

ಶರಣ್ಯಾ,

ಫಕಾರ ಹಕಾರವಾಗುವುದು ಪದದ ಮೊದಲಲ್ಲಿ ಮಾತ್ರವೋ, ನಡುವೆಯೂ ಉಂಟೋ? ಇನ್ನೂ ಕೆಲವು ಉದಾಹರಣೆ ಬೇಕು. ಅಜ್ಜಿಯವರನ್ನೇ ಕೇಳು, ಕಂಪ್ಯೂಟರನ್ನು ಕೇಳಬೇಡ.

ಬೇರೆ ವಿಷಯದಲ್ಲಿ ನನ್ನ ಮಾತು ಹಿಂದಿನದೇ.

ಅಪ್ಪ


ಎಮರಿವಿಲ್
22 ಸೆಪ್ಟೆಂಬರ್ 2024

ಅಪ್ಪ,

ಉದಾಹರಣೆ ಕೇಳುವ ಸ್ಥಿತಿಯಲ್ಲಿ ನಾನಿಲ್ಲ.

ಕಳೆದ ಭಾನುವಾರ ಸ್ಯಾನ್ ಬ್ರೂನೋದ ಅಜ್ಜಿ ಮನೆಗೆ ಹೋದೆವು. ಬಾಗಿಲ ಮುಂದೆ ಪೆಟ್ಟಿಗೆಗಳು. ಬರ್ನಾತನ ಶಾಲೆಯ ಪುಸ್ತಕ, ಕಂಬಳಿ, ಫುಟ್‌ಬಾಲ್ ಶೂ, ಗೋಡೆಯ ಮೇಲಿದ್ದ ಫೋಟೋ ಕೂಡ. ಅಜ್ಜಿ ಅವನ ಕೋಣೆಯನ್ನು ಗುಡಿಸಿ ಖಾಲಿ ಮಾಡಿಬಿಟ್ಟಿದ್ದಾಳೆ. "ತಗೊಂಡು ಹೋಗು, ಇದು ಇನ್ನು ನಿನ್ನ ಮನೆಯಲ್ಲ" ಎಂದಳು. ಅವನಿಗೆ! ಸಾಕಿ ಬೆಳೆಸಿದ ಮೊಮ್ಮಗನಿಗೆ! ಇವನು ತಲೆಬಾಗಿ ಒಂದೊಂದೇ ಪೆಟ್ಟಿಗೆಯನ್ನು ಕಾರಿಗೆ ಹಾಕಿದ. "ವಯಸ್ಸಾಯಿತು ಬಿಡು" ಎಂದ. ಫ್ರೀವೇಯಲ್ಲಿ ಇಡೀ ದಾರಿ ರೇಡಿಯೋ ಕೂಡ ಹಾಕಲಿಲ್ಲ.

ಹೊರಡುವ ಮುಂಚೆ, ನಿಮಗೆ ಒಂದು ಸಾಲು ಬರೆಯಿರಿ ಎಂದು ನಾನು ಅಜ್ಜಿಯನ್ನು ಕೇಳಿದ್ದೇ ತಡ, ಅವಳು ತನ್ನ ಭಾಷೆಗೆ ಹೊರಳಿದಳು. ಸಿಟ್ಟು ಬಂದಾಗ ಅವಳಿಗೆ ಇಂಗ್ಲಿಷ್ ಸಾಲುವುದಿಲ್ಲ. ಒಂದು ಮಾತು ಮಾತ್ರ ನನಗೆ ತಿಳಿಯಲಿ ಎಂದು ಇಂಗ್ಲಿಷಿನಲ್ಲಿ ಅಂದಳು: "ನಾನು ಬರೆಯಬೇಕೆ? ನಾನು?" ನವೆಂಬರಿನ ಊಟಕ್ಕೂ ಬರುವುದಿಲ್ಲವಂತೆ.

ಕಾಫಿ ಮಾತ್ರ ನನಗೆ ಒಳ್ಳೆಯ ಕಪ್ಪಿನಲ್ಲಿ, ನೆಂಟರಿಗೆ ಕೊಡುವ ಹಾಗೆ ಕೊಟ್ಟಳು. ಅಡುಗೆಮನೆಗೆ ಬಿಡಲಿಲ್ಲ.

ಹೋದ ಪತ್ರದಲ್ಲಿ ಎಷ್ಟೊಂದು ಜಂಬ ಕೊಚ್ಚಿಕೊಂಡೆ. ಈಗ ಆಫೀಸಿನಲ್ಲಿ ಕುಳಿತರೆ ನಾವು ಮಾಡುತ್ತಿರುವ ಸಿನಿಮಾದ ಕಾರ್ಟೂನು ಕರಡಿಯ ಮುಖಕ್ಕೆ ಬೆಳಕು ಹೊಂದಿಸುವುದಕ್ಕೂ ಆಗುತ್ತಿಲ್ಲ. ನೆರಳು ಎಲ್ಲೋ, ಮುಖ ಎಲ್ಲೋ. ಅಲ್ಲಿ ನೀವು ಒಲ್ಲೆ ಎನ್ನುತ್ತೀರಿ. ಇಲ್ಲಿ ಇವಳು ಒಲ್ಲೆ ಎನ್ನುತ್ತಾಳೆ. ನಾವಿಬ್ಬರೂ ಯಾರ ಮನೆಯವರು ಅಪ್ಪ?

ಶರಣ್ಯಾ


ಎಮರಿವಿಲ್
6 ಅಕ್ಟೋಬರ್ 2024

ಅಪ್ಪ,

ನಿಮ್ಮಿಂದ ಉತ್ತರವಿಲ್ಲ. ಪರವಾಗಿಲ್ಲ, ಇದನ್ನು ಓದಿ. ಕೂತು ಓದಿ. ಅಮ್ಮನನ್ನೂ ಕರೆಯಿರಿ.

ಬರ್ನಾತನ ಅಕ್ಕ ಮಾರ್ಗಲಿಡಾ ತನ್ನ ಗಂಡ ರೋಮೆಲ್ ಜೊತೆ ಅಜ್ಜಿಯ ಮನೆಯಲ್ಲೇ ಇದ್ದಾಳೆ. ರೋಮೆಲ್ ಪಕ್ಕದ ಡೇಲಿ ಸಿಟಿಯ ಫಿಲಿಪಿನೋ ಹುಡುಗ. ಆದರೆ ಅಜ್ಜಿ ಅವನನ್ನು ಕರೆಯುವುದು ಕಾಜನಾವ ಎಂದು, ತನ್ನ ಮನೆಯ ಹೆಸರಿನಿಂದ. ಕಾಜನಾವ ಎಂದರೆ ಅಕ್ಷರಶಃ ಹೊಸಮನೆ! ನಾನು ಇಷ್ಟು ದಿನ ಅದನ್ನು ತಮಾಷೆ ಅಂದುಕೊಂಡಿದ್ದೆ. ನಿನ್ನೆ ಅಜ್ಜಿ ಮನೆಯಲ್ಲಿಲ್ಲದಾಗ ಅವರ ಅಡುಗೆಮನೆಯಲ್ಲಿ ಅವನ ಜೊತೆ ಪಾತ್ರೆ ತೊಳೆಯುತ್ತಾ ಅಳು ಬಂತು. ಅವನು ಕೇಳಿದ, "ಅಜ್ಜಿಗೆ ಯಾಕೆ ಸಿಟ್ಟು ಅಂತ ನಿನಗೆ ನಿಜವಾಗಲೂ ಗೊತ್ತಿಲ್ವಾ?"

"ಗೊತ್ತಿದ್ದರೆ ನಿನ್ನ ಸಿಂಕಿನಲ್ಲಿ ಯಾಕೆ ಅಳ್ತೀನಿ?"

"ನಿಮ್ಮಪ್ಪ ಕೇಳ್ಲಿಲ್ಲವಲ್ಲ, ಅದಕ್ಕೆ."

ಅಪ್ಪ, ಇವರ ಬೆಟ್ಟದಲ್ಲಿ ಮೊದಲು ಹುಟ್ಟಿದ ಮಗುವಿಗೆ ಮನೆ. ಹೆಣ್ಣಾದರೂ ಸರಿ. ಹಾಗಿರುವ ಹೆಣ್ಣು ಎಲ್ಲಿಗೂ ಹೋಗುವುದಿಲ್ಲ, ಗಂಡನೇ ಬರುತ್ತಾನೆ, ಆ ಮನೆಯ ಹೆಸರಿನಿಂದಲೇ ಬದುಕುತ್ತಾನೆ. ಕಿರಿಯ ಗಂಡುಮಕ್ಕಳು ಕೊಟ್ಟು ಕಳಿಸುವವರು. ರೋಮೆಲ್‌ನನ್ನು ಕೇಳಲು ಅಜ್ಜಿ ಒಂದು ಇಡೀ ಹಂದಿಯ ತೊಡೆ ಹೊತ್ತುಕೊಂಡು ಅವನ ತಾಯಿಯ ಮನೆ ಬಾಗಿಲಿಗೆ ಹೋಗಿದ್ದಳಂತೆ! ಈಗ ನೋಡಿ: ನಾನು ನಿಮ್ಮ ಒಬ್ಬಳೇ ಮಗಳು. ಬರ್ನಾತ್ ಕಿರಿಯವನು. ಅಜ್ಜಿಯ ಲೆಕ್ಕದಲ್ಲಿ ನಾನು ನಿಮ್ಮ ಮನೆಯ ದೌನ, ಇವರ ಮನೆಯವಳಲ್ಲ. ಬರ್ನಾತ್ ನಿಮ್ಮ ಮನೆಗೆ ಹೋದವನು. ಅದಕ್ಕೇ ಕೋಣೆ ಖಾಲಿ ಮಾಡಿದ್ದು. ಕೊಟ್ಟ ಹುಡುಗನ ಸಾಮಾನನ್ನು ಇಟ್ಟುಕೊಳ್ಳುವಂತಿಲ್ಲವಂತೆ. ಆದರೆ ಹುಡುಗನನ್ನು ಕರೆದುಕೊಂಡು ಹೋದ ಮನೆಯ ಯಜಮಾನ ಒಂದು ಮಾತು ಕೇಳಲಿಲ್ಲ ಎಂದು ಅವಳಿಗೆ ಹೊಟ್ಟೆಯಲ್ಲಿ ಬೆಂಕಿ.

ಬರ್ನಾತನಿಗೆ ಇದು ಹೊಳೆದೇ ಇರಲಿಲ್ಲ. "ಅದೆಲ್ಲ ಹಳೇ ಕಾಲದ್ದು ಅಂದುಕೊಂಡಿದ್ದೆ" ಎನ್ನುತ್ತಾನೆ. ಪಾಪ, ಗಣಿತ ಮೇಷ್ಟ್ರು.

ನೀವು ಅಲ್ಲಿ ಬಾಗಿಲು ನೋಡುತ್ತಾ ಕೂತಿದ್ದೀರಿ. ಅವಳು ಇಲ್ಲಿ. ಹೇಗೆ ಕೇಳಲಿ, ಕೇಳಲು ನನಗೇ ಭಯವಾಗುತ್ತಿದೆ. ಅಪ್ಪ, ಹುಡುಗನನ್ನು ಕೇಳುತ್ತೀರಾ?

ಶರಣ್ಯಾ


ಮೈಸೂರು
24 ಅಕ್ಟೋಬರ್ 2024

ಶರಣ್ಯಾ,

ನಿನ್ನ ಕಾಗದ ಓದಿ ನಾನು ಅಂದ ಮೊದಲ ಮಾತನ್ನು ಬರೆಯುವುದಿಲ್ಲ. ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಹೆಣ್ಣು ಹೆತ್ತವನು ತಟ್ಟೆ ಹಿಡಿದು ಗಂಡು ಕೇಳಲು ಹೋಗುವುದೇ? ಮನೆ ಅಳಿಯ ಎಂದರೆ ನಮ್ಮಲ್ಲಿ ಬೈಗುಳಕ್ಕೆ ಸಮ. ಆ ಹುಡುಗನಿಗೆ ಇದರ ಅರಿವುಂಟೆ?

ಮೂರು ದಿನ ಕೆಂಪು ಶಾಯಿಯ ಪೆನ್ನನ್ನೂ ಮುಟ್ಟಲಿಲ್ಲ. ಆಮೇಲೆ ಒಂದು ಸಂಗತಿ ತಲೆಗೆ ಬಂತು. ನನ್ನನ್ನು ಕೇಳಲಿಲ್ಲವೆಂದು ನಾನು ಎಷ್ಟು ನೊಂದೆನೋ, ಅಷ್ಟೇ ನೊಂದಿರುವ ಇನ್ನೊಂದು ಜೀವ ಈ ಲೋಕದಲ್ಲಿದೆ. ಬೇರೆ ಯಾರಿಗೂ ಅದು ಅರ್ಥವಾಗಿಲ್ಲ, ನಿನ್ನ ಅಮ್ಮನಿಗೂ.

ಸ್ಯಾನ್ ಹೊಸೆಯ ಶಿವರಾಮುವಿಗೆ ಹೇಳಿದ್ದೇನೆ. ನನ್ನ ಚಿಕ್ಕಪ್ಪನ ಮಗ, ನನ್ನ ಪರವಾಗಿ ಅವನು ಹೋಗಬಹುದು. ಹಂದಿಯ ತೊಡೆ ನಮ್ಮಿಂದಾಗದು. ಎಲೆ ಅಡಿಕೆ, ತೆಂಗಿನಕಾಯಿ, ಬೆಲ್ಲ, ಹಣ್ಣು ಒಯ್ಯುತ್ತಾನೆ. ಜೊತೆಯಲ್ಲಿರುವ ಕಾಗದವನ್ನು ನೀನೇ ಓದಿ ಹೇಳು. ಇಂಗ್ಲಿಷಿಗೆ ತಿರುಗಿಸುವಾಗ ಬೆಣ್ಣೆ ಹಚ್ಚಬೇಡ.

ಅಪ್ಪ

*

ಶ್ರೀಮತಿ ಕಾಜನಾವ ಅವರಿಗೆ,

ನಾನು ಶರಣ್ಯಾಳ ತಂದೆ. ನನಗೆ ಒಬ್ಬಳೇ ಮಗಳು, ನನ್ನ ನಂತರ ಈ ಮನೆ ಅವಳದು. ನಿಮ್ಮ ಕಿರಿಯ ಮೊಮ್ಮಗ ಬರ್ನಾತನನ್ನು ನಮ್ಮ ಮನೆಗೆ ಕೊಡಬೇಕೆಂದು ಕೇಳುತ್ತಿದ್ದೇನೆ.

ಕೇಳುವುದು ತಡವಾಯಿತು. ನಮ್ಮಲ್ಲಿ ಗಂಡಿನ ಕಡೆಯವರು ಬಂದು ಕೇಳುವುದು ಪದ್ಧತಿ. ನೀವು ಬರುವಿರೆಂದು ನಾನು ಕುಳಿತಿದ್ದೆ. ನಾನು ಬರುವೆನೆಂದು ನೀವು ಕುಳಿತಿದ್ದಿರೆಂದು ಈಗ ತಿಳಿಯಿತು. ವಯಸ್ಸಿನಲ್ಲಿ ನಾನು ಚಿಕ್ಕವನು. ಆದ್ದರಿಂದ ನಾನು ಏಳುತ್ತೇನೆ.

ಎಚ್. ಗುರುಪ್ರಸಾದ


ಎಮರಿವಿಲ್
17 ನವೆಂಬರ್ 2024

ಅಪ್ಪ!

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೀಗಿದ್ದರೆ ಕ್ಷಮಿಸಿ, ಕೆಂಪು ಶಾಯಿ ಕೆಳಗಿಡಿ.

ನಿನ್ನೆ ಬೆಳಿಗ್ಗೆ ಶಿವರಾಮು ಚಿಕ್ಕಪ್ಪ, ವಸುಧಾ ಚಿಕ್ಕಮ್ಮ ನಮ್ಮನ್ನು ಕರೆದುಕೊಂಡು ಹೊರಟರು. ಚಿಕ್ಕಪ್ಪ ರೇಷ್ಮೆ ಪಂಚೆ, ಮೇಲೆ ಆಫೀಸಿನ ಜಾಕೆಟ್ಟು. ಕಾರಿನಲ್ಲಿ ಇಡೀ ದಾರಿ ಅಭ್ಯಾಸ.

"ಅಲ್ಲಮ್ಮಾ, 'ನಿಮ್ಮ ಹುಡುಗನ್ನ ನಮಗೆ ಕೊಡಿ' ಅಂತ ಇಂಗ್ಲಿಷಲ್ಲಿ ಅಂದ್ರೆ ಪಿಜ್ಜಾ ಆರ್ಡರ್ ಮಾಡ್ದಂಗೆ ಆಗಲ್ವಾ?"

"ರೀ, ನೀವು ಮೊದ್ಲು ಎಕ್ಸಿಟ್ ನೋಡಿ" ಎಂದರು ಚಿಕ್ಕಮ್ಮ, ತಟ್ಟೆಯನ್ನು ತೊಡೆಯ ಮೇಲೆ ಹಿಡಿದುಕೊಂಡು. "ಹಿಂದೆ ಕೂತಿದಾನಲ್ಲ ಹುಡುಗ, ಅವನ್ನೇ ಕೇಳಿ. ಏನಪ್ಪಾ, ನಮ್ಮನೆಗೆ ಬರ್ತೀಯಾ?"

"ಬರ್ತೀನಿ ಅತ್ತೆ" ಎಂದ ಬರ್ನಾತ್. ನಾನು ಕಲಿಸಿದ್ದು ಅಷ್ಟೇ ಅವನಿಗೆ ಬರುವುದು!

ಅಜ್ಜಿ ಬಾಗಿಲು ತೆರೆದಳು. ತಟ್ಟೆ ನೋಡಿದಳು. ಪಂಚೆ ನೋಡಿದಳು. "ಯಾಕೆ ಬಂದಿರಿ?" ಎಂದು ಕೇಳಿದಳು, ಒಳಗೆ ಕರೆಯದೆ. ನಾನು ಬರ್ನಾತನ ತೋಳು ಹಿಡಿದುಕೊಂಡೆ. ಹೊರಗೆ ನಮಗಾಗಿ ಕಾಯುತ್ತಿದ್ದ ರೋಮೆಲ್ ಪಕ್ಕಕ್ಕೆ ಬಂದು ಪಿಸುಗುಟ್ಟಿದ, "ಅದು ಕೇಳಲೇಬೇಕಾದ ಪ್ರಶ್ನೆ, ಹೆದರಬೇಡ."

ಚಿಕ್ಕಪ್ಪ ಅಭ್ಯಾಸ ಮಾಡಿದ್ದೆಲ್ಲ ಮರೆತು ಕನ್ನಡದಲ್ಲೇ ಶುರು ಮಾಡಿದರು. "ನೋಡಿ ಅಜ್ಜಿ, ನಮ್ಮಣ್ಣ ಕಳಿಸಿದಾನೆ. ನಿಮ್ಮ ಮೊಮ್ಮಗನ್ನ ನಮ್ಮನೆಗೆ ಕೊಡಬೇಕು ನೀವು. ಚೆನ್ನಾಗಿ ನೋಡ್ಕೋತೀವಿ." ಅಜ್ಜಿಗೆ ಒಂದು ಪದವೂ ತಿಳಿಯಲಿಲ್ಲ. ಆದರೂ ಚಿಕ್ಕಪ್ಪ ತಟ್ಟೆ ಚಾಚಿ ಸ್ವಲ್ಪ ಬಗ್ಗಿದ್ದನ್ನು ನೋಡಿ ಬಾಗಿಲಿನಿಂದ ಸರಿದು ನಿಂತಳು.

ಒಳಗೆ ನಿಮ್ಮ ಕಾಗದ ಓದಿದೆ. ಬೆಣ್ಣೆ ಹಚ್ಚಲಿಲ್ಲ. "ಆದ್ದರಿಂದ ನಾನು ಏಳುತ್ತೇನೆ" ಎಂಬಲ್ಲಿ ಅಜ್ಜಿ ಕೈ ಎತ್ತಿದಳು, ಇನ್ನೊಮ್ಮೆ ಓದು ಎಂದು. ಓದಿದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು. ಬರ್ನಾತ್ ಏಳಲು ಹೋದ, ಅವನ ಅಕ್ಕ ತೋಳು ಹಿಡಿದು ಕೂರಿಸಿದಳು. ಬಹಳ ಹೊತ್ತಾದ ಮೇಲೆ ಅಜ್ಜಿ ಬಂದು ತಟ್ಟೆಯಿಂದ ತೆಂಗಿನಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, "ನೀರಿದೆ" ಎಂದಳು.

"ಒಪ್ಪಿಗೆ ಅಂತಾನಾ?" ಎಂದು ಚಿಕ್ಕಪ್ಪ.

"ಸುಮ್ನಿರಿ, ಬಾಯಿ ಹಾಕಿ ಕೆಡಿಸ್ಬೇಡಿ" ಎಂದು ಚಿಕ್ಕಮ್ಮ.

ನವೆಂಬರಿನ ಊಟಕ್ಕೆ ಬರುತ್ತಾಳೆ ಅಪ್ಪ! ನಿಮಗೆ ಉತ್ತರ ಹೇಳಿ ಬರೆಸಿದಳು. ಅವಳು ತನ್ನ ಭಾಷೆಯಲ್ಲಿ, ಮಾರ್ಗಲಿಡಾ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ. ಓದಿ. ನಾನು ಒಂದು ಅಕ್ಷರವನ್ನೂ ಸೇರಿಸಿಲ್ಲ.

ಶರಣ್ಯಾ

*

ಮೈಸೂರಿನ ಮನೆಯ ಯಜಮಾನರಿಗೆ,

ಕೇಳಿದಿರಿ. ಕೊಟ್ಟೆ.

ಹುಡುಗ ಒಳ್ಳೆಯವನು. ಇಡೀ ಕ್ಯಾಲಿಫೋರ್ನಿಯಾದಲ್ಲಿ ಇಂಥವನಿಲ್ಲ, ಮತ್ತು ಇದು ಬಡಾಯಿಯಲ್ಲ. ಸೂಪು ಆರಿದ್ದರೆ ಮುಖ ಊದಿಸುತ್ತಾನೆ. ಬೇಸರವಾದರೆ ಹೇಳುವುದಿಲ್ಲ, ಅಂಗಿಯ ಗುಂಡಿ ತಿರುಚುತ್ತಾನೆ. ಅಂಥ ದಿನ ಯಾರಾದರೂ ಪಕ್ಕದಲ್ಲಿ ಕುಳಿತುಕೊಳ್ಳಿ, ಮಾತಾಡಿಸುವುದು ಬೇಡ. ತಪ್ಪು ಮಾಡಿದರೆ ಬೈಯಿರಿ, ಹೆಂಡತಿಯ ಎದುರಿಗೆ ಬೈಯಬೇಡಿ.

ನಾನೂ ಕಿರಿಯ ಮಗಳು, ನನ್ನನ್ನೂ ಕೊಟ್ಟು ಕಳಿಸಿದರು. ಲಾಂಡ್ರಿಯ ಒಲೆ ಆರಿಸುವ ಹಾಗಿರಲಿಲ್ಲ, ನನ್ನ ತಾಯಿ ಸತ್ತಾಗಲೂ ಹೋಗಲಾಗಲಿಲ್ಲ. ಕೊಟ್ಟವರು ಮತ್ತೇನೂ ಕೇಳುವಂತಿಲ್ಲ ಎಂಬುದು ನಮ್ಮ ಪದ್ಧತಿ. ಆದರೂ ಕೇಳುತ್ತೇನೆ. ವರ್ಷಕ್ಕೊಮ್ಮೆ ಅವನನ್ನು ಕಳಿಸಿಕೊಡಿ.

ಕಾಜನಾವ ಮನೆಯ ದೌನ


ಮೈಸೂರು
8 ಡಿಸೆಂಬರ್ 2024

ಶರಣ್ಯಾ,

ಅಜ್ಜಿಯವರ ಕಾಗದವನ್ನು ನಿನ್ನ ಅಮ್ಮನಿಗೆ ಓದಿ ಹೇಳಲು ಕುಳಿತೆ. ಅಂಗಿಯ ಗುಂಡಿಯವರೆಗೆ ಓದಿದೆ. ಆಮೇಲಿನದನ್ನು ಅವಳೇ ತೆಗೆದುಕೊಂಡು ಓದಿಕೊಂಡಳು.

ಅಂಥ ಮಾತುಗಳನ್ನು ನಾನು ಅವರಿಗೆ ಹೇಳಬೇಕಿತ್ತು. ನಿನ್ನ ಬಗ್ಗೆ. ನಿನಗೆ ಖುಷಿ ಹೆಚ್ಚಾದರೆ ಊಟ ಮರೆಯುತ್ತೀಯ ಎಂದು. ಹೆದರಿದಾಗ ಜೋರಾಗಿ ನಗುತ್ತೀಯ, ಅದನ್ನು ನಂಬಬಾರದು ಎಂದು. ಯಾರಾದರೂ ಬಂದು ಕೇಳಿದರೆ ಹೇಳೋಣವೆಂದು ಇಟ್ಟುಕೊಂಡಿದ್ದೆ. ಈಗ ಅವರಿಗೆ ಓದಿ ಹೇಳು. ನಿನ್ನ ಗಂಡನೂ ಕೇಳಿಸಿಕೊಳ್ಳಲಿ. ನವೆಂಬರಿನ ಊಟದೊಳಗೆ ನೀನು ಒಂದು ಮಾತು ಕೇಳಿದ್ದೆ, ತಡವಾಯಿತು.

ಆಗಲಿ, ಶರಣ್ಯಾ.

ಬೇಸಿಗೆ ರಜೆ ಶುರುವಾದ ಕೂಡಲೇ ಬರ್ನಾತನನ್ನು ಕರೆದುಕೊಂಡು ಬಾ. ರಜೆಯ ಮೊದಲ ಭಾಗ ಅವನು ಇಲ್ಲಿರಲಿ. ವರ್ಷಕ್ಕೊಮ್ಮೆ ಎಂದಿದ್ದಾರೆ ಅಜ್ಜಿ. ಹುಡುಗನನ್ನು ತವರಿಗೆ ಒಬ್ಬನನ್ನೇ ಕಳಿಸುವುದು ಚೆಂದವಲ್ಲ, ಮನೆಯ ಹಿರಿಯರೇ ಕರೆದೊಯ್ದು ಬಿಟ್ಟು ಬರಬೇಕು. ನಿನ್ನ ಅಮ್ಮ ವೀಸಾಕ್ಕೆ ಫೋಟೋ ತೆಗೆಸಿಕೊಂಡು ಬಂದಿದ್ದಾಳೆ. ನಾನು ನಾಳೆ ಹೋಗುತ್ತೇನೆ.

ಅಪ್ಪ